ಹಳೇ ಮಿಯಾಟಾ ಕಾರಿನ ಗೇರ್ ಲಿವರ್ ಸಡಿಲವಾಗಿದೆ, ರಿಪೇರಿ ಮಾಡಿದವರು ಹೇಳಿ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. 1992ರ ಮಾಜ್ದಾ ಮಿಯಾಟಾ ತಗೊಂಡಿದ್ದೇನೆ, 1.6 ಲೀಟರ್ ಎಂಜಿನ್, ಐದು ಗೇರ್. ಲಿವರ್ ಗೇರ್‌ನಲ್ಲಿದ್ದಾಗಲೂ ಲೊಡಲೊಡ ಅಲುಗಾಡುತ್ತದೆ. ಸ್ವಲ್ಪ ದೂರ ಓಡಿಸಿದರೆ ಬುಡದಿಂದ ಬಿಸಿ ಗಾಳಿ, ಗೇರ್ ಆಯಿಲ್ ವಾಸನೆ. ಚಳಿಯಲ್ಲಿ ಬೆಳಿಗ್ಗೆ ಎರಡನೇ ಗೇರ್ ಕರ್ ಅನ್ನುತ್ತದೆ. ಇದನ್ನು ಮನೆಯಲ್ಲೇ ಸರಿ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಕಾರಿನ ಅಡಿಗೆ ಹೋಗಬೇಕಿಲ್ಲ, ಎಲ್ಲಾ ಕೆಲಸ ಒಳಗೆ ಸೀಟಿನ ಪಕ್ಕದಿಂದಲೇ. ಈ ಕಾರಿನಲ್ಲಿ ಲಿವರ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೇಬಲ್ ಇಲ್ಲ. ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲಿನ ಒಂದು ಸಣ್ಣ ಗೂಡಿಗೆ ಇಳಿಯುತ್ತದೆ, ಅದನ್ನು ಟರೆಟ್ ಅನ್ನುತ್ತಾರೆ. ಮಿಯಾಟಾ ಗೇರ್ ಹಾಕುವುದೇ ಒಂದು ಖುಷಿ ಅಂತ 1989ರಿಂದ ಜನ ಹೇಳುತ್ತಾ ಬಂದಿದ್ದಾರಲ್ಲ, ಅದಕ್ಕೆ ಈ ನೇರ ಸಂಬಂಧವೇ ದೊಡ್ಡ ಕಾರಣ. ಆದರೆ ಅಲ್ಲಿರುವ ರಬ್ಬರ್, ನೈಲಾನ್ ಮೂವತ್ತು ವರ್ಷ ಬಾಳುವಂಥವಲ್ಲ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಇಟ್ಟು, ನ್ಯೂಟ್ರಲ್‌ಗೆ ಹಾಕಿ. ಗೇರ್ ನಾಬ್ ತಿರುಗಿಸಿದರೆ ಬರುತ್ತದೆ. ಆಮೇಲೆ ಕನ್ಸೋಲ್ (ಎರಡು ಸೀಟಿನ ನಡುವಿನ ಪ್ಲಾಸ್ಟಿಕ್ ಕವಚ) ಸ್ಕ್ರೂ ಬಿಚ್ಚಿ. ಅದರಲ್ಲಿ ಒಂದು ಸ್ಕ್ರೂ ಆಶ್‌ಟ್ರೇ ಕೆಳಗೆ ಅಡಗಿರುತ್ತದೆ, ಹುಡುಕಿ. ಪವರ್ ವಿಂಡೋ ಸ್ವಿಚ್ ಕನ್ಸೋಲ್‌ನಲ್ಲೇ ಇದೆ. ಹಾಗಾಗಿ ಎಳೆದು ಎತ್ತಬೇಡಿ, ಮೊದಲು ವೈರ್ ಕನೆಕ್ಟರ್ ಬಿಡಿಸಿ.

ಈಗ ದೊಡ್ಡ ರಬ್ಬರ್ ಬೂಟ್, ಅಂದರೆ ಲಿವರ್ ಬುಡ ಮುಚ್ಚುವ ಮಡಿಕೆಯ ಹೊದಿಕೆ, ಕಾಣುತ್ತದೆ. ಅದನ್ನು ತೆಗೆದರೆ ಕೆಳಗೆ ಇನ್ನೊಂದು ಚಿಕ್ಕ ಬೂಟ್, ಅದನ್ನು ಹಿಡಿದಿರುವ ತಗಡಿಗೆ ಮೂರು ಬೋಲ್ಟ್. ನಿಮ್ಮ ಬಿಸಿ ಗಾಳಿ, ವಾಸನೆ ಎರಡಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಚಿಕ್ಕ ಬೂಟ್ ಸಾಮಾನ್ಯವಾಗಿ ಮಡಿಕೆಯ ಜಾಗದಲ್ಲೇ ಸೀಳಿರುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಲಿವರ್ ಆಚೀಚೆ ಬಾಗಿಸಿದರೆ ಸೀಳು ಬಾಯಿ ಬಿಡುತ್ತದೆ. ಬೋಲ್ಟ್ ಬಿಚ್ಚುವ ಮುಂಚೆ ಸುತ್ತ ಇರುವ ಧೂಳು, ಮಣ್ಣು ಬ್ರಷ್‌ನಿಂದ ತೆಗೆಯಿರಿ. ಅದೇನಾದರೂ ಒಳಗೆ ಬಿದ್ದರೆ ಎಣ್ಣೆಯ ಜೊತೆ ಸೇರಿ ಹೊಸ ಬುಷ್ಷನ್ನೂ (ಲಿವರ್ ತುದಿ ಅಲುಗದಂತೆ ಹಿಡಿಯುವ ತೋಳು) ಸವೆಸುತ್ತದೆ.

ಲಿವರ್ ಮೇಲಕ್ಕೆ ಎತ್ತಿ. ತುದಿಯಲ್ಲಿ ಒಂದು ಗುಂಡು, ಅದರ ಮೇಲೆ ಟೋಪಿ ಹಾಕಿದ ಹಾಗೆ ಚಿಕ್ಕ ನೈಲಾನ್ ಬುಷ್. ಹಳೆಯದಾದರೆ ಕಂದು ಬಣ್ಣಕ್ಕೆ ತಿರುಗಿ, ಕೈಯಲ್ಲೇ ಪುಡಿಯಾಗುತ್ತದೆ. ನಿಮ್ಮ ಲೊಡಲೊಡಕ್ಕೆ ಇದೇ ಕಾರಣ. ಬುಷ್ ಒಡೆದಿದ್ದರೆ ಪ್ರತಿ ಚೂರನ್ನೂ ಹುಡುಕಿ ಹೊರಗೆ ತೆಗೆಯಲೇಬೇಕು. ಲೆಕ್ಕ ಸರಿ ಬರೋವರೆಗೆ ಮುಂದೆ ಹೋಗಬೇಡಿ.

ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇದು: ಟರೆಟ್‌ನಲ್ಲಿರುವ ಎಣ್ಣೆಯೇ ಬೇರೆ. ಗೇರ್‌ಬಾಕ್ಸ್ ಆಯಿಲ್ ಎಷ್ಟು ಸಲ ಬದಲಾಯಿಸಿದರೂ ಅದು ಇಲ್ಲಿಗೆ ಬರಲ್ಲ. ಅದಕ್ಕೇ ಹಳೇ ಕಾರುಗಳಲ್ಲಿ ಇಲ್ಲಿ ಕರೀ ಕೆಸರು ಇರುತ್ತದೆ, ಇಲ್ಲಾಂದ್ರೆ ಪೂರ್ತಿ ಒಣಗಿರುತ್ತದೆ. ಸಿರಿಂಜ್‌ನಲ್ಲಿ ಹೀರಿ, ನೂಲು ಬಿಡದ ಬಟ್ಟೆಯಿಂದ ಒರೆಸಿ, 75ಡಬ್ಲ್ಯೂ-90 ಗೇರ್ ಆಯಿಲ್ ಸುಮಾರು 80ರಿಂದ 90 ಮಿಲಿ ಹಾಕಿ. ಹೊಸ ಬುಷ್ ಕೂರಿಸಿ, ಹೊಸ ಬೂಟ್ ಹಾಕಿ ಮುಚ್ಚಿ. ಬೋಲ್ಟ್ ಅಲ್ಯೂಮಿನಿಯಂಗೆ ಹೋಗುತ್ತವೆ, ಆದ್ದರಿಂದ ಜೋರು ಮಾಡಿ ಬಿಗಿಯಬೇಡಿ. ಹೊಸ ಬೂಟ್ ಗಟ್ಟಿ ಅನ್ನಿಸಿದರೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಒರೆಸಿಕೊಂಡರೆ ಸಲೀಸಾಗಿ ಇಳಿಯುತ್ತದೆ.

ಇನ್ನೊಬ್ಬರು: ಮೇಲಿನದೆಲ್ಲಾ ಸರಿ. ಆದರೆ ಎರಡನೇ ಗೇರ್ ಕರ್ ಅನ್ನೋದು ಬುಷ್‌ನಿಂದ ಅಂದುಕೊಳ್ಳಬೇಡಿ. ಈ ಗೇರ್‌ಬಾಕ್ಸ್‌ನಲ್ಲಿ ಎಣ್ಣೆ ತಣ್ಣಗಿದ್ದಾಗ ಎರಡನೇ ಗೇರ್‌ನ ಸಿಂಕ್ರೋ (ಗೇರ್ ಸೇರುವ ಮುಂಚೆ ವೇಗ ಹೊಂದಿಸುವ ಉಂಗುರ) ತಕರಾರು ಮಾಡೋದು ಮಾಮೂಲು. ಕೆಳಗಿನ ಗೇರ್‌ಬಾಕ್ಸ್ ಆಯಿಲ್ ಹೊಸದು ಹಾಕಿದರೆ ಎಷ್ಟೋ ಕಾರುಗಳಲ್ಲಿ ಕಡಿಮೆಯಾಗುತ್ತದೆ. ಇನ್ನೊಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರ್ ಸಲೀಸು, ಆನ್ ಇದ್ದಾಗ ಮೊದಲನೇ ಗೇರ್, ರಿವರ್ಸ್ ಕಷ್ಟ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸೋರುವುದು ಈ ಕಾರಿನ ಹಳೇ ಕಾಯಿಲೆ. ಅದರ ರಬ್ಬರ್ ಟೋಪಿ ಸ್ವಲ್ಪ ಸರಿಸಿ ನೋಡಿ. ಒಳಗೆ ಒದ್ದೆ ಇದ್ದರೆ ಮೊದಲು ಅದನ್ನು ಬದಲಾಯಿಸಿ, ಗೇರ್ ಲಿವರ್ ಆಮೇಲೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಹೇಗೂ ಬಿಚ್ಚುತ್ತಿದ್ದೇನೆ, ಜೊತೆಗೇ ಶಾರ್ಟ್ ಶಿಫ್ಟರ್ (ಲಿವರ್ ಚಲನೆ ಚಿಕ್ಕದು ಮಾಡುವ ಬೇರೆ ಲಿವರ್) ಹಾಕಿಸಿಬಿಡಲಾ?

ಮೊದಲು ಉತ್ತರಿಸಿದವರು: ನನ್ನ ಮಾತು ಕೇಳುವುದಾದರೆ, ಈಗ ಬೇಡ. ಕಂಪನಿ ಕೊಟ್ಟ ಲಿವರ್ ಚಲನೆಯೇ ಸಾಕಷ್ಟು ಚಿಕ್ಕದು. ಇನ್ನೂ ಚಿಕ್ಕದು ಮಾಡಿದರೆ ಗೇರ್ ಹಾಕಲು ಜಾಸ್ತಿ ಬಲ ಬೇಕು, ಮೊದಲೇ ಸೋತಿರುವ ಎರಡನೇ ಗೇರ್ ಸಿಂಕ್ರೋ ಮೇಲೆ ಭಾರ ಇನ್ನೂ ಹೆಚ್ಚು. ಸದ್ಯಕ್ಕೆ ದೊಡ್ಡ ಬೂಟ್, ಚಿಕ್ಕ ಬೂಟ್, ನೈಲಾನ್ ಬುಷ್ ಮೂರನ್ನೂ ಒಟ್ಟಿಗೆ ತರಿಸಿ. ಚಿಕ್ಕ ಬೂಟ್ ಒಂದನ್ನೇ ಬದಲಾಯಿಸಿದರೆ, ದೊಡ್ಡದು ಹರಿದಾಗ ಕನ್ಸೋಲ್ ಮತ್ತೆ ಬಿಚ್ಚಬೇಕಾಗುತ್ತದೆ.