ದಿನಬಳಕೆಯ ಸೆಡಾನ್ ಟ್ರ್ಯಾಕ್ ಡೇಗೆ ಹೋಗಿ, ಅದೇ ಕಾರಿನಲ್ಲಿ ಶಿರಾಡಿ ಇಳಿದು ಮನೆಗೆ ಬರಬಹುದೇ?

ಕದ್ರಿಯ ಚಾಲಕ:

ಮೂರು ವರ್ಷಗಳಿಂದ ಬಿಎಂಡಬ್ಲ್ಯು 330ಐ ಓಡಿಸುತ್ತಿದ್ದೇನೆ. ವಾರದಲ್ಲಿ ಐದು ದಿನ ಮಂಗಳೂರಿನಿಂದ ಮಣಿಪಾಲಕ್ಕೆ ಕೆಲಸಕ್ಕೆ ಹೋಗಿಬರುವುದು, ಭಾನುವಾರ ತಂದೆ ತಾಯಿಯನ್ನು ಕಾರ್ಕಳದ ಮನೆಗೆ ಕರೆದೊಯ್ಯುವುದು, ಎಲ್ಲವೂ ಇದೇ ಕಾರಿನಲ್ಲಿ. 258 ಅಶ್ವಶಕ್ತಿಯ ಎಂಜಿನ್ ಇದ್ದರೂ ಹೆದ್ದಾರಿ 66ರಲ್ಲಿ ಅದರ ಪೂರ್ಣ ಸಾಮರ್ಥ್ಯವನ್ನು ಬಳಸುವಂತಿಲ್ಲ, ಬಳಸಲೂಬಾರದು. ಆದ್ದರಿಂದ ಒಮ್ಮೆಯಾದರೂ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ ಟ್ರ್ಯಾಕ್ ಡೇಯಂದು, ಅಂದರೆ ಶುಲ್ಕ ಕಟ್ಟಿದವರಿಗೆ ಸ್ವಂತ ಕಾರು ಓಡಿಸಲು ಬಿಡುವ ದಿನ, ಕಾರನ್ನು ಓಡಿಸಬೇಕೆಂಬ ಆಸೆಯಿದೆ. ಇಲ್ಲಿಂದ ಸುಮಾರು 700 ಕಿ.ಮೀ. ದೂರ, ಹೋಗುವುದೂ ಬರುವುದೂ ಅದೇ ಕಾರಿನಲ್ಲಿ. ಯಾವ ಸಿದ್ಧತೆ ಮಾಡಿಕೊಳ್ಳಬೇಕು? ಬ್ರೇಕ್ ಪ್ಯಾಡ್‌ಗಳನ್ನು ಬದಲಿಸಬೇಕೇ? ಕಾರಿಗೆ ಏನಾದರೂ ಆದರೆ ವಿಮೆ ಸಿಗುತ್ತದೆಯೇ?

ಮಣಿಪಾಲದಿಂದ:

ನಾನು ಜರ್ಮನ್ ಸೆಡಾನ್ ಒಂದನ್ನು ಅದೇ ಟ್ರ್ಯಾಕ್‌ಗೆ ಎರಡು ಬಾರಿ ಒಯ್ದಿದ್ದೇನೆ. ಎಂಜಿನ್ ಬಗ್ಗೆ ನೀವು ಹೆಚ್ಚು ಚಿಂತಿಸಬೇಕಾಗಿಲ್ಲ. ಆಯಿಲ್ ಮಟ್ಟ ಸರಿಯಾಗಿದ್ದು, ಸರ್ವೀಸ್ ಸಕಾಲಕ್ಕೆ ಆಗಿದ್ದರೆ ಅದು ತಡೆದುಕೊಳ್ಳುತ್ತದೆ. ಮೊದಲು ಸೋಲುವುದು ಬ್ರೇಕ್, ಅದರಲ್ಲೂ ನಮ್ಮ ಕಣ್ಣಿಗೆ ಬೀಳದ ಬ್ರೇಕ್ ಆಯಿಲ್. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾಗಿರುವುದರಿಂದ, ಸುಮಾರು ಶೇಕಡ 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಎರಡು ಮಳೆಗಾಲ ಕಳೆದ ಆಯಿಲನ್ನು ಟ್ರ್ಯಾಕ್‌ಗೆ ಒಯ್ಯುವುದು ಎಷ್ಟು ಅಪಾಯವೆಂದು ಮೊದಲ ಸಲವೇ ನನಗೆ ಅರ್ಥವಾಯಿತು. ಮೂರನೆಯ ಸುತ್ತಿನ ಕೊನೆಯಲ್ಲಿ ಪೆಡಲ್ ಮೆತ್ತಗಾಗಿ ಬಹುತೇಕ ನೆಲಕ್ಕೆ ತಾಗಿತು; ಕುದಿದ ಆಯಿಲ್ ಆವಿಯಾದಾಗ, ಪಾದದ ಒತ್ತಡವೆಲ್ಲ ಆ ಆವಿಯನ್ನು ಅದುಮುವುದರಲ್ಲೇ ಕಳೆದುಹೋಗುತ್ತದೆ. ಮುಂದೆ ತಿರುವಿನ ಬದಲು ನೇರ ದಾರಿಯಿದ್ದುದರಿಂದ ಉಳಿದೆ. ಹೊರಡುವ ವಾರದಲ್ಲೇ ಹೊಸ ಆಯಿಲ್ ಹಾಕಿಸಿ ನಾಲ್ಕೂ ಚಕ್ರಗಳಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಹಳೆಯ ಆಯಿಲನ್ನೂ ಗಾಳಿಗುಳ್ಳೆಗಳನ್ನೂ ಹೊರಹಾಕಿಸಿ. ನಿಮ್ಮ ಕಾರಿನ ಕೈಪಿಡಿ ಒಪ್ಪುವುದಾದರೆ ಡಾಟ್ 5.1 ಇನ್ನೂ ಒಳ್ಳೆಯದು, ಅದರ ಕನಿಷ್ಠ ಮಿತಿ ಹೊಸದಿದ್ದಾಗ 260, ನೀರು ಸೇರಿದಾಗ 180 ಡಿಗ್ರಿ. ಹೆಸರು ಹತ್ತಿರವೆಂದು ಸಿಲಿಕೋನ್ ಆಧಾರಿತ ಡಾಟ್ 5 ಮಾತ್ರ ಹಾಕಬೇಡಿ.

ಪ್ಯಾಡ್‌ಗಳು ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮೊದಲ ಸಲಕ್ಕೆ ಅವೇ ಸಾಕು. ಮೊದಲ ಸುತ್ತು ನಿಧಾನ, ನಂತರ ಮೂರು ನಾಲ್ಕು ಸುತ್ತು ವೇಗ, ಕೊನೆಯ ಸುತ್ತಿನಲ್ಲಿ ಬ್ರೇಕನ್ನು ಆದಷ್ಟು ಮುಟ್ಟದೆ ತಣ್ಣಗಾಗಿಸುವುದು, ಈ ಕ್ರಮವನ್ನು ಬಿಡಬೇಡಿ. ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಆನ್ ಇರಲಿ.

ಸುರತ್ಕಲ್ ಗ್ಯಾರೇಜ್:

ಮಣಿಪಾಲದವರು ಹೇಳಿದ್ದಕ್ಕೆ ಲೆಕ್ಕವನ್ನು ಸೇರಿಸುತ್ತೇನೆ. ಚಾಲಕನೂ ಸೇರಿ 1,700 ಕಿಲೊ ತೂಗುವ ಕಾರನ್ನು ಗಂಟೆಗೆ 180 ಕಿ.ಮೀ.ನಿಂದ 72ಕ್ಕೆ ಇಳಿಸಿದಾಗ ಬ್ರೇಕ್‌ಗಳು ಸುಮಾರು 18 ಲಕ್ಷ ಜೂಲ್ ಶಕ್ತಿಯನ್ನು ಶಾಖವಾಗಿ ನುಂಗಬೇಕು. ಅದೇ ಕಾರನ್ನು ಮಂಗಳೂರಿನ ಪಂಪ್‌ವೆಲ್ ವೃತ್ತದ ಬಳಿ 72ರಿಂದ ಪೂರ್ತಿ ನಿಲ್ಲಿಸಲು 3.4 ಲಕ್ಷ ಜೂಲ್ ಸಾಕು. ಅಂದರೆ ಟ್ರ್ಯಾಕ್‌ನ ಒಂದು ದೊಡ್ಡ ತಿರುವು, ಊರಿನ ಐದು ಗಟ್ಟಿ ಬ್ರೇಕ್‌ಗಳಿಗೆ ಸಮ. 3.7 ಕಿ.ಮೀ. ಉದ್ದದ ಆ ಟ್ರ್ಯಾಕ್‌ನಲ್ಲಿ ಹನ್ನೆರಡು ತಿರುವುಗಳಿವೆ. ಎಲ್ಲವೂ ಅಷ್ಟು ಕಠಿಣವಲ್ಲವಾದರೂ ಪ್ಯಾಡ್‌ಗಳು ಅದುಮಿ ಹಿಡಿಯುವ ಡಿಸ್ಕ್‌ಗಳಿಗೆ ತಣಿಯಲು ಸಮಯ ಸಿಗುವುದು ಕಡಿಮೆ.

ಆದ್ದರಿಂದಲೇ ಟ್ರ್ಯಾಕ್ ಬದಿಯ ನಿಲುಗಡೆಯಾದ ಪಿಟ್‌ಗೆ ಬಂದ ಕೂಡಲೇ ಪಾರ್ಕಿಂಗ್ ಬ್ರೇಕ್ ಹಾಕಬಾರದು, ಪೆಡಲ್ ಒತ್ತಿಕೊಂಡೂ ನಿಲ್ಲಬಾರದು. ಬಿಸಿ ಡಿಸ್ಕ್‌ನ ಒಂದೇ ಜಾಗಕ್ಕೆ ಪ್ಯಾಡಿನ ಪದರ ಅಂಟಿಕೊಂಡರೆ ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. ನಿಂತಾಗ ತಾನೇ ಬ್ರೇಕ್ ಹಿಡಿದಿಡುವ ಆಟೋ ಹೋಲ್ಡ್ ಆಫ್ ಮಾಡಿ, ಗೇರನ್ನು ಪಿಯಲ್ಲಿ (ಪಾರ್ಕ್) ಇಟ್ಟು, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಕಡಲ ಬದಿಯ ಕಾರುಗಳಲ್ಲಿ ಇನ್ನೊಂದು ತೊಂದರೆಯನ್ನು ಪ್ರತಿ ವರ್ಷ ನೋಡುತ್ತೇನೆ: ಉಪ್ಪುಗಾಳಿಗೆ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಪಿನ್‌ಗಳು ಬಿಗಿಯಾಗಿ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ಊರಿನ ಓಡಾಟದಲ್ಲಿ ಅದು ತಿಳಿಯುವುದಿಲ್ಲ, ಟ್ರ್ಯಾಕ್‌ನಲ್ಲಿ ಖಂಡಿತ ತಿಳಿಯುತ್ತದೆ. ಆಯಿಲ್ ಬದಲಿಸುವ ದಿನವೇ ಪಿನ್‌ಗಳನ್ನು ಬಿಚ್ಚಿಸಿ ಸ್ವಚ್ಛಗೊಳಿಸಿ ಗ್ರೀಸ್ ಹಚ್ಚಿಸಿ.

ಬಿಸಿಯಾದಾಗ ಟೈರ್‌ನ ಒತ್ತಡ ಐದಾರು ಪಿಎಸ್ಐ ಏರುತ್ತದೆ. ಮೊದಲ ಸೆಷನ್ ಮುಗಿದೊಡನೆ ಅಳೆದು ಸ್ವಲ್ಪ ಗಾಳಿ ಬಿಡಿ, ಮರಳುವ ಮುನ್ನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಮತ್ತೆ ತುಂಬಿಸಿ. ಇದನ್ನು ಮರೆತು ಹೆದ್ದಾರಿಗೆ ಇಳಿಯುವವರೇ ಹೆಚ್ಚು.

ಉಡುಪಿ, ವಿಮಾ ಕ್ಷೇತ್ರ:

ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವನ್ನು ಓದಿ. ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆ ಅಲ್ಲಿ ಹೊರಗುಳಿದಿರುತ್ತವೆ. ಟ್ರ್ಯಾಕ್ ಡೇ ಸ್ಪರ್ಧೆಯಲ್ಲವೆಂಬ ವಾದವನ್ನು ನಂಬಿ ಹೋಗಬೇಡಿ. ಅಲ್ಲಿ ಆಗುವ ಹಾನಿಯನ್ನು ಸ್ವಂತ ಹಣದಿಂದ ಭರಿಸಲು ಸಾಧ್ಯವಿದ್ದರೆ ಮಾತ್ರ ಹೋಗಿ.

ಮಣಿಪಾಲದಿಂದ:

ಒಂದು ಮಾತು ಬಿಟ್ಟುಹೋಗಿತ್ತು. ಟ್ರ್ಯಾಕ್‌ನಿಂದ ನೇರವಾಗಿ ಹೊರಟರೆ ಸಕಲೇಶಪುರ ದಾಟುವ ಹೊತ್ತಿಗೆ ನಡುರಾತ್ರಿಯಾಗಿರುತ್ತದೆ, ಶಿರಾಡಿಯ ಇಳಿಜಾರು ಆಗ ಎದುರಾಗುತ್ತದೆ. ಅಷ್ಟು ದಣಿದ ದೇಹವನ್ನೂ ದಿನವಿಡೀ ಬೆಂದ ಬ್ರೇಕ್‌ಗಳನ್ನೂ ಲಾರಿಗಳ ನಡುವೆ, ಮಂಜಿನಲ್ಲಿ ನಂಬುವಂತಿಲ್ಲ. ಪ್ಯಾಡ್‌ಗಳು ಘಾಟಿಗೂ ಉಳಿಯಬೇಕೆಂಬ ಲೆಕ್ಕದಲ್ಲೇ ಟ್ರ್ಯಾಕ್‌ನಲ್ಲಿ ಓಡಿಸಿ. ಮಧ್ಯಾಹ್ನದ ನಂತರ ಪ್ಯಾಡ್ ತೆಳುವಾಗಿದೆ ಎನಿಸಿದರೆ, ಶುಲ್ಕ ಕಟ್ಟಿದ ಸೆಷನ್ ಬಾಕಿಯಿದ್ದರೂ ನಿಲ್ಲಿಸಿಬಿಡಿ.

ಕದ್ರಿಯ ಚಾಲಕ:

ಎಲ್ಲರಿಗೂ ಕೃತಜ್ಞತೆಗಳು. ಕಾರಿನ ದಾಖಲೆ ನೋಡಿದೆ: ಬ್ರೇಕ್ ಆಯಿಲನ್ನು ಕೊಂಡಾಗಿನಿಂದ ಒಮ್ಮೆಯೂ ಬದಲಿಸಿಲ್ಲ. ಅದನ್ನೂ ಕ್ಯಾಲಿಪರ್ ಪಿನ್‌ಗಳನ್ನೂ ಈ ವಾರವೇ ನೋಡಿಸುತ್ತೇನೆ. ಭಾನುವಾರ ರಾತ್ರಿ ಬೆಂಗಳೂರಿನಲ್ಲಿ ತಂಗಿ, ಸೋಮವಾರ ಹಗಲಿನಲ್ಲಿ ಘಾಟಿ ಇಳಿಯಲು ಒಂದು ದಿನ ರಜೆ ಕೇಳಿದ್ದೇನೆ.