‘ವಾಸಯೋಗ್ಯ ವಲಯ’ ಮತ್ತು ಬೇರೆ ಗ್ರಹದ ಚಂದ್ರ: ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಬರೆದ ಒಂದು ಲೇಖನ ತಿದ್ದುತ್ತಿದ್ದೇನೆ. ಎರಡು ಪದಗಳ ಹತ್ತಿರ ಪೆನ್ನು ನಿಂತಿದೆ.

ಲೇಖನ ಎಚ್‌ಡಿ 28185 ಅನ್ನೋ ನಕ್ಷತ್ರದ ಬಗ್ಗೆ. (ಎಚ್‌ಡಿ ಅಂದ ಕೂಡಲೇ ನಮಗೆ ಹಾಸನ ನೆನಪಾಗುತ್ತದೆ, ಇದು ಹೆನ್ರಿ ಡ್ರೇಪರ್ ಹೆಸರಿನ ನಕ್ಷತ್ರಪಟ್ಟಿಯ ಎಚ್‌ಡಿ.) ಸುಮಾರು 128 ಜ್ಯೋತಿರ್ವರ್ಷ ದೂರ, ತೂಕ ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟೇ. ಇದಕ್ಕೊಂದು ಗ್ರಹ ಇದೆ ಅಂತ 2001ರಲ್ಲಿ ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದ ದೂರದರ್ಶಕದಿಂದ ಗೊತ್ತಾಯಿತು. ಗ್ರಹ ಕಣ್ಣಿಗೆ ಬಿದ್ದದ್ದಲ್ಲ. ಅದರ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ ಸುಮಾರು 160 ಮೀಟರ್ ವೇಗದಲ್ಲಿ ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆಗೆ ಓಲಾಡುತ್ತದೆ, ಆ ಓಲಾಟ ಅದರ ಬೆಳಕಿನಲ್ಲಿ ಸಿಕ್ಕಿತು. ಅದರಿಂದ ತೆಗೆದ ಲೆಕ್ಕದ ಪ್ರಕಾರ ಗ್ರಹದ ತೂಕ ಕಡಿಮೆಯೆಂದರೂ ಗುರುಗ್ರಹದ ಐದೂವರೆ ಪಟ್ಟು, ಅದರ ವರ್ಷಕ್ಕೆ 383 ದಿನ, ನಕ್ಷತ್ರದಿಂದ ಅದು ಇರುವ ದೂರ ಸೂರ್ಯನಿಂದ ನಾವಿರುವಷ್ಟೇ.

ಅಂದರೆ ಅದು ಇರುವುದು ಹ್ಯಾಬಿಟಬಲ್ ಜೋನ್‌ನಲ್ಲಿ. ಇದಕ್ಕೆ ‘ವಾಸಯೋಗ್ಯ ವಲಯ’ ಅನ್ನುವುದು ರೂಢಿ. ಲೇಖಕರು ಮೊದಲ ಪ್ಯಾರಾದಲ್ಲಿ ‘ವಾಸಯೋಗ್ಯ ವಲಯದ ದೈತ್ಯ ಗ್ರಹ’ ಅಂತ ಸರಿಯಾಗೇ ಬರೆದಿದ್ದಾರೆ. ಮೂರನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ‘ಈ ವಾಸಯೋಗ್ಯ ದೈತ್ಯ’ ಆಗಿಬಿಟ್ಟಿದೆ! ಅಷ್ಟು ತೂಕದ ಗ್ರಹ ಅನಿಲದ ಮುದ್ದೆ, ಕಾಲಿಡಲು ನೆಲವೇ ಇಲ್ಲ, ಇನ್ನು ವಾಸ ಎಲ್ಲಿಂದ ಬಂತು? ವಲಯದ ಅರ್ಥ ಇಷ್ಟೇ: ಅಷ್ಟು ದೂರದಲ್ಲಿ ವಾತಾವರಣವಿರುವ ಕಲ್ಲುಗ್ರಹ ಇದ್ದರೆ ಅದರ ಮೇಲೆ ನೀರು ನೀರಾಗಿಯೇ ಉಳಿಯಬಹುದು. ‘ವಾಸ’ ಅಂದ ಕೂಡಲೇ ನಮ್ಮ ತಲೆಗೆ ಮನೆ, ಬಾಡಿಗೆ, ಜನ ಬರುತ್ತಾರೆ. ‘ಜೀವಯೋಗ್ಯ’ ಅಂದರೂ ಅದೇ ಕತೆ. ‘ನೀರು ನಿಲ್ಲುವ ಪಟ್ಟಿ’ ಅಂತ ಒಬ್ಬರು ಸೂಚಿಸಿದರು, ಅದು ಮಳೆಗಾಲದ ಬೆಂಗಳೂರು ಅಂಡರ್‌ಪಾಸ್ ಥರ ಕೇಳಿಸುತ್ತದೆ.

ನನಗೆ ಹಿಡಿಸಿದ್ದು ‘ಹದವಲಯ’. ಮಣ್ಣಿನ ಹದ, ಪಾಕದ ಹದ ಎಲ್ಲರಿಗೂ ಗೊತ್ತು, ಸುಡುವಷ್ಟೂ ಅಲ್ಲ, ಹೆಪ್ಪುಗಟ್ಟುವಷ್ಟೂ ಅಲ್ಲ. ಅಲ್ಲಿ ಯಾರೋ ಇದ್ದಾರೆ ಅನ್ನೋ ಭ್ರಮೆ ಹುಟ್ಟಿಸುವುದಿಲ್ಲ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ ಅಂತ ಕೆಲವರು ಮುಖ ಸಿಂಡರಿಸಬಹುದು, ಅವರಿಗೆ ‘ಹದಪಟ್ಟಿ’ ಇದೆ. ನೀರಿನ ಮಾತು ಇದರಲ್ಲಿ ಬರುವುದಿಲ್ಲ ಅನ್ನುವುದು ಕೊರತೆಯೇ, ಆದರೆ ‘ವಾಸಯೋಗ್ಯ’ದಲ್ಲೂ ಅದು ಇಲ್ಲವಲ್ಲ.

ಎರಡನೆಯದು ಇನ್ನೂ ಜಾಸ್ತಿ ತಲೆನೋವು. ಇಂಥ ದೈತ್ಯನ ಸುತ್ತ ದೊಡ್ಡ ಚಂದ್ರನೊಂದು ಸುತ್ತುತ್ತಿದ್ದರೆ ಅದರ ಮೇಲೆ ನೀರಿರಬಹುದು ಅನ್ನೋ ಆಸೆ ವಿಜ್ಞಾನಿಗಳಿಗಿದೆ. ಸೌರಮಂಡಲದ ಆಚೆ ಒಂದೇ ಒಂದು ಚಂದ್ರ ಕೂಡ ಇನ್ನೂ ಖಚಿತವಾಗಿ ಸಿಕ್ಕಿಲ್ಲ, ಅದು ಬೇರೆ ಮಾತು. ಆದರೆ ಬರೆಯುವುದು ಹೇಗೆ? ‘ಉಪಗ್ರಹ’ ಅಂದರೆ ಮಕ್ಕಳು ಇಸ್ರೊ ಹಾರಿಸಿದ್ದು ಅಂದುಕೊಳ್ಳುತ್ತಾರೆ. ‘ಚಂದ್ರ’ ಅಂದರೆ ಲಿಂಗದ ಗೋಜಲು. ನಮ್ಮ ಚಂದ್ರ ‘ಬಂದ’, ‘ಮುಳುಗಿದ’, ಸರಿ. ಗುರುವಿನ ಯೂರೋಪಾ, ಗ್ಯಾನಿಮೀಡ್ ‘ಚಂದ್ರರೋ’ ‘ಚಂದ್ರಗಳೋ’? ಮೇಲೆ ನಾನೇ ‘ಚಂದ್ರನೊಂದು’ ಅಂತ ಶುರುಮಾಡಿ ‘ಅದರ ಮೇಲೆ’ ಅಂತ ಮುಗಿಸಿದ್ದೇನೆ ನೋಡಿ. ಹಳೆಯ ‘ತಿಂಗಳು’ ನಪುಂಸಕವೇ, ಬೆಳದಿಂಗಳಲ್ಲಿ ಇನ್ನೂ ಉಳಿದಿದೆ, ಆದರೆ ‘ಗುರುವಿನ ನಾಲ್ಕು ತಿಂಗಳು’ ಅಂದರೆ ಪಂಚಾಂಗ ತೆಗೆಯುತ್ತಾರೆ.

ನನ್ನ ಒಲವು ‘ಚಂದ್ರಗಳು’, ‘ಚಂದ್ರದ ಮೇಲೆ’ ಕಡೆಗೆ. ಹೆಸರು ಅಂಕಿತನಾಮ ಆಗಿದ್ದಾಗ ಪುಲ್ಲಿಂಗ, ಜಾತಿಯ ಹೆಸರಾದಾಗ ನಪುಂಸಕ ಅಂತ ಇಟ್ಟುಕೊಂಡರೆ ‘ಬೇರೆ ಸೂರ್ಯಗಳು’ ಅನ್ನುವುದಕ್ಕೂ ದಾರಿಯಾಗುತ್ತದೆ. ಕಿವಿಗೆ ಒರಟು ಅನ್ನಿಸುತ್ತದೆಯೇ? ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ, ಅದನ್ನೂ ತಿಳಿಸಿ. ಮುಂದಿನ ವಾರ ಪ್ರತಿ ಅಚ್ಚಿಗೆ ಹೋಗಬೇಕು.