ಪದ ಬೇಕು: ಹಳೆ ಅಂಚೆಚೀಟಿಗಳ ‘ಲೋಕಲ್ಸ್’ ಮತ್ತು ‘ಕ್ಯಾರಿಯರ್ಸ್’, ನಾಳೆ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಸೋದರಮಾವ ಅಮೆರಿಕದ ಹಳೆಯ ಅಂಚೆಚೀಟಿ ಕೂಡಿಡುತ್ತಾರೆ. ಬರುವ ವಾರ ಅವುಗಳ ಪ್ರದರ್ಶನ ಇದೆ. ಫಲಕಗಳು ಕನ್ನಡದಲ್ಲೇ ಇರಬೇಕು ಅಂತ ಅವರ ಆಸೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಎರಡು ಪದಗಳು ಕೂರುತ್ತಿಲ್ಲ.

‘ಲೋಕಲ್ಸ್’ ಅಂದರೆ ಖಾಸಗಿಯವರ ಚೀಟಿ. ನ್ಯೂಯಾರ್ಕ್, ಫಿಲಡೆಲ್ಫಿಯಾದಂಥ ಕಡೆ ಊರೊಳಗಿನ ಕಾಗದಗಳನ್ನು ಅವರೇ ಹಂಚುತ್ತಿದ್ದರು. ನ್ಯೂಯಾರ್ಕಿನ ಸಿಟಿ ಡಿಸ್ಪ್ಯಾಚ್ ಪೋಸ್ಟ್ 1842ರ ಫೆಬ್ರವರಿಯಲ್ಲೇ 3 ಸೆಂಟಿನ ಚೀಟಿ ತಂದಿತು. ಅದರ ಮೇಲೆ ವಾಷಿಂಗ್ಟನ್ ಮುಖ. ಇಡೀ ದೇಶಕ್ಕೆ ಸರ್ಕಾರ ಚೀಟಿ ತಂದದ್ದು 1847ರಲ್ಲಿ, ಐದು ವರ್ಷ ತಡವಾಗಿ.

‘ಕ್ಯಾರಿಯರ್ಸ್’ ಬೇರೆ. ಅದು ಸರ್ಕಾರಿ ಅಂಚೆಯದು. ಆಗ ಕಟ್ಟಿದ ಅಂಚೆ ವೆಚ್ಚಕ್ಕೆ ಕಾಗದ ಅಂಚೆ ಕಚೇರಿಯವರೆಗೆ ಮಾತ್ರ ಬರುತ್ತಿತ್ತು. ಮನೆಗೆ ತಂದುಕೊಡಲು ಒಂದೋ ಎರಡೋ ಸೆಂಟು ಜಾಸ್ತಿ. ಅಂಚೆಯವನ ಸಂಪಾದನೆ ಅದೇ. ಅವನಿಗೆ ಸಂಬಳ ಅಂತ ಶುರುವಾದದ್ದು 1863ರ ಜುಲೈಯಲ್ಲಿ. ಮನೆಗೆ ತಂದುಕೊಡುವ ಆ ಜಾಸ್ತಿ ಹಣಕ್ಕಾಗಿ 1851ರಲ್ಲಿ ಫ್ರಾಂಕ್ಲಿನ್ ಚಿತ್ರದ್ದು, ಹದ್ದಿನ ಚಿತ್ರದ್ದು ಅಂತ ಎರಡು ಚೀಟಿ ಬಂದವು.

‘ಸ್ಥಳೀಯ ಅಂಚೆಚೀಟಿ’, ‘ವಾಹಕ ಅಂಚೆಚೀಟಿ’ ಅಂತ ಬರೆದೆ. ಮೊದಲನೆಯದನ್ನು ಓದಿದವರು ಸರ್ಕಾರದ್ದು ಅಂದುಕೊಂಡರು. ಎರಡನೆಯದು ಅಮ್ಮನಿಗೆ ರೋಗವಾಹಕದ ಹಾಗೆ ಕೇಳಿಸಿತು.

ಇನ್ನೊಂದು ಸಣ್ಣ ಪ್ರಶ್ನೆ. ಬಾಸ್ಟನ್ನಿನ ಎಸ್. ಆಲನ್ ಟೇಲರ್ ಎಂಬಾತ 1860ರ ದಶಕದಲ್ಲಿ ಈ ಚೀಟಿಗಳ ನಕಲು ಮಾಡಿ ಮಾರಿದ. ಇಲ್ಲದೇ ಇದ್ದ ಕಂಪನಿಗಳ ಹೆಸರಲ್ಲೂ ಚೀಟಿ ಅಚ್ಚು ಹಾಕಿದ. ಎರಡಕ್ಕೂ ‘ನಕಲಿ’ ಅಂದರೆ ಸಾಕಾ?

ಮೈಸೂರಿನಿಂದ:

ಕ್ಯಾರಿಯರ್ಸ್‌ಗೆ ‘ಓಲೆಯಾಳು ಚೀಟಿ’, ಲೋಕಲ್ಸ್‌ಗೆ ‘ಊರೋಲೆ ಚೀಟಿ’. ಓಲೆ ನಮ್ಮದು, ಆಳು ನಮ್ಮದು, ಊರು ನಮ್ಮದು. ವಾಹಕ, ಸ್ಥಳೀಯ ಎರಡನ್ನೂ ಬಿಡಿ.

ಧಾರವಾಡದಿಂದ:

ಆಳು ಬೇಡ. ಇವತ್ತು ಆಳು ಅಂದರೆ ಕೂಲಿಯಾಳು. ಓಲೆ ಅಂದರೆ ಕಿವಿಯ ಓಲೆ ಅಂತಲೂ ಓದುತ್ತಾರೆ.

ನಮ್ಮ ಕಡೆ ಟಪಾಲಿನವರ ಬಾಯಲ್ಲಿ ಪದ ಆಗಲೇ ಇದೆ: ಬಟವಾಡೆ. ಕ್ಯಾರಿಯರ್ ಅನ್ನೋದು ಹೊರುವವನ ಹೆಸರು ನಿಜ, ಆದರೆ ಚೀಟಿ ಅಂಟಿಸಿದ್ದು ಹೊತ್ತದ್ದಕ್ಕಲ್ಲ, ಮನೆ ಬಾಗಿಲಿಗೆ ಮುಟ್ಟಿಸಿದ್ದಕ್ಕೆ. ಹಣ ಯಾವುದಕ್ಕೆ ಕೊಟ್ಟರೋ ಅದು ಪದದಲ್ಲಿ ಕಾಣಬೇಕು. ‘ಬಟವಾಡೆ ಚೀಟಿ’ ಅನ್ನಿ. ಇನ್ನೊಂದಕ್ಕೆ ‘ಖಾಸಗಿ ಊರಂಚೆ ಚೀಟಿ’. ‘ಖಾಸಗಿ’ಯನ್ನು ಮಾತ್ರ ಬಿಡಬೇಡಿ.

ಉಡುಪಿಯಿಂದ:

ಊರಂಚೆ ತಪ್ಪು. ಅಂಚೆ ಎಂದರೆ ಹಂಸ. ಹಳಗನ್ನಡದಲ್ಲಿ ಹಂಸದ ತದ್ಭವ ಅದೇ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ್ದು ಹಂಸ. ಅರಮನೆಯ ಓಲೆಗೆ ಆ ಹೆಸರು ಒಪ್ಪುತ್ತದೆ. ವ್ಯಾಪಾರಿಗಳ ಚೀಟಿಗೆ ಅಂಚೆ ಅನ್ನಬಾರದು.

ಬಳ್ಳಾರಿಯಿಂದ:

ಹಂಸದ ಕಥೆ ಪ್ರತಿ ಸಲ ಬರುತ್ತದೆ. ತೆಲುಗು ನೋಡಿ. ಅಲ್ಲಿ ಹಂಸಕ್ಕೆ ‘ಅಂಚ’, ಹಂತಕ್ಕೆ ‘ಅಂಚೆ’. ‘ಅಂಚೆಲಂಚೆಲುಗಾ’ ಅಂದರೆ ಹಂತ ಹಂತವಾಗಿ. ಒಬ್ಬ ಓಡಿಹೋಗಿ ಮುಂದಿನ ತಾಣದಲ್ಲಿ ಇನ್ನೊಬ್ಬನ ಕೈಗೆ ಚೀಲ ಕೊಡುತ್ತಿದ್ದ. ಪದ ಹುಟ್ಟಿದ್ದು ಆ ಓಟದಿಂದ ಅನ್ನೋದು ನನ್ನ ನಂಬಿಕೆ. ತಮಿಳಿನ ಅಂಜಲ್, ಮಲಯಾಳದ ಅಂಚಲ್ ಇದರ ಪಕ್ಕದವೇ. ಊರಂಚೆ ಸರಿಯಾಗಿದೆ.

ಮೈಸೂರಿನಿಂದ:

ಬಟವಾಡೆ ಮರಾಠಿ. ಕನ್ನಡದ ಫಲಕದಲ್ಲಿ ಮರಾಠಿ ಏಕೆ? ‘ಹಂಚಿಕೆ’ ಇಲ್ಲವೇ? ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಮುಳುಗಿತು. ಪದಗಳನ್ನೂ ಹೀಗೆ ಒಂದೊಂದಾಗಿ ಬಿಟ್ಟುಕೊಡುತ್ತಾ ಹೋಗುವುದಾ?

ಧಾರವಾಡದಿಂದ:

ಸರ್, ನೀವು ಕೊಟ್ಟ ಎರಡೂ ಪದಗಳಲ್ಲಿ ‘ಚೀಟಿ’ ಇದೆ. ಅದು ಹಿಂದಿಯ ಚಿಟ್ಠಿಯ ಬಳಗದ್ದು. ಅದನ್ನು ಮೊದಲು ತೆಗೆಯಿರಿ, ಆಮೇಲೆ ಬಟವಾಡೆಗೆ ಬನ್ನಿ. ನನ್ನ ಅಜ್ಜಿ ಓದು ಬರಹ ಕಲಿತವರಲ್ಲ. ‘ಟಪಾಲು ಬಟವಾಡೆ ಆತೇನು?’ ಅಂತ ದಿನಾ ಕೇಳುತ್ತಿದ್ದರು. ಅವರ ಮಾತನ್ನು ಕನ್ನಡ ಅಲ್ಲ ಅಂದರೆ ನಾನು ಒಪ್ಪಲಾರೆ. ಹಂಚಿಕೆ ಅಂದರೆ ಪಾಲು ಮಾಡುವುದು, ಉಪಾಯ ಅಂತಲೂ ಅರ್ಥ. ಇಲ್ಲಿ ಕೂರುವುದಿಲ್ಲ.

ಶಿವಮೊಗ್ಗದಿಂದ:

ಜಗಳದಲ್ಲಿ ಒಂದು ತೊಡಕು ಯಾರಿಗೂ ಕಾಣಲಿಲ್ಲ. ಸಂಬಳ ಕೊಡುವುದಕ್ಕೂ ಬಟವಾಡೆ ಅಂತಾರೆ ಅಲ್ವಾ? ಬರೀ ‘ಬಟವಾಡೆ ಚೀಟಿ’ ಅಂದರೆ ಸಂಬಳದ ಚೀಟಿ ಆಗುತ್ತದೆ. ‘ಮನೆ ಬಟವಾಡೆ ಅಂಚೆಚೀಟಿ’ ಅನ್ನಿ, ಗೊಂದಲ ಇಲ್ಲ.

ಟೇಲರ್ ವಿಷಯ: ನಿಜವಾದ ಚೀಟಿಯ ನಕಲಿಗೆ ‘ನಕಲಿ’. ಕಂಪನಿಯೇ ಇಲ್ಲದಿದ್ದರೆ ‘ಹುಸಿ ಚೀಟಿ’. ಮೂಲವೇ ಇಲ್ಲದ್ದಕ್ಕೆ ನಕಲು ಎಲ್ಲಿಂದ ಬರಬೇಕು? ಕೊಳ್ಳುವವರಿಗೆ ಈ ವ್ಯತ್ಯಾಸ ಬೇಕೇ ಬೇಕು.

ಕೇಳಿದವಳಿಂದ:

ಎಲ್ಲರಿಗೂ ಧನ್ಯವಾದ. ‘ಖಾಸಗಿ ಊರಂಚೆ ಚೀಟಿಗಳು’, ‘ಮನೆ ಬಟವಾಡೆ ಅಂಚೆಚೀಟಿಗಳು’, ‘ನಕಲಿ’, ‘ಹುಸಿ’. ಮಾವನಿಗೆ ಓದಿ ಹೇಳಿದೆ. ‘ಹುಸಿ’ ಕೇಳಿ ಆಲ್ಬಂ ತೆಗೆಸಿದರು. ಕೊನೆಯ ಪುಟದ ಮೂರು ಚೀಟಿಗಳನ್ನು ಆ ಫಲಕದ ಕೆಳಗೆ ಇಡಲು ಹೇಳಿದ್ದಾರೆ.

ಮೈಸೂರಿನಿಂದ:

ಹುಸಿ ಒಳ್ಳೆಯ ಕನ್ನಡ. ಬಟವಾಡೆಗೆ ನನ್ನ ಒಪ್ಪಿಗೆ ಇಲ್ಲ.